ಪುಟ್ಟ ಮಕ್ಕಳ ಟೀಚರ್ ಆಗಲು ಒಂದು ವರ್ಷ ಓದಬೇಕೆ?

ಪ್ರಶ್ನೆ: ನನಗೆ 36 ವರ್ಷ. ಕನ್ನಡ ಎಂ.ಎ. ಮಾಡಿದ್ದೇನೆ, ತುಮಕೂರಿನಲ್ಲಿ ವಾಸ. ಒಂದು ಸಹಕಾರ ಸಂಘದಲ್ಲಿ ಕ್ಯಾಶಿಯರ್ ಆಗಿದ್ದೆ, ಎರಡನೇ ಮಗು ಹುಟ್ಟಿದ ಮೇಲೆ ಬಿಟ್ಟೆ. ಮಗಳು ಈಗ ಐದನೇ ಕ್ಲಾಸು, ಮಗನಿಗೆ ನಾಲ್ಕು ತುಂಬಿದೆ. ಅವನನ್ನು ನಮ್ಮ ಬಡಾವಣೆಯ ಹತ್ತಿರದ ಒಂದು ಮಾಂಟೆಸ್ಸರಿ ಶಾಲೆಗೆ ಹಾಕಿದ್ದೇವೆ. ಮನೆಯಲ್ಲಿ ಚಪ್ಪಲಿಯನ್ನೂ ಸರಿಯಾಗಿ ಬಿಡದವನು ಅಲ್ಲಿ ತನ್ನ ಚಾಪೆ ತಾನೇ ಸುತ್ತಿ ಎತ್ತಿಡುತ್ತಾನೆ. ಅದನ್ನು ನೋಡಿದ ದಿನದಿಂದ ನಾನೂ ಅಂಥ ಟೀಚರ್ ಆಗಬೇಕು ಅನ್ನಿಸಿಬಿಟ್ಟಿದೆ.

ಅಲ್ಲಿನ ಹೆಡ್ ಮೇಡಂ ಹೇಳಿದ್ದು, ಟ್ರೇನಿಂಗ್ ಇಲ್ಲದಿದ್ದರೆ ತಿಂಗಳಿಗೆ 10 ಸಾವಿರ, ಟ್ರೇನಿಂಗ್ ಆಗಿದ್ದರೆ 15 ಸಾವಿರ ಕೊಡಬಹುದು ಅಂತ. ಎರಡು ಕಡೆ ವಿಚಾರಿಸಿದೆ. ಒಂದು ಆನ್‌ಲೈನ್ ಕೋರ್ಸ್: ಮೂರು ತಿಂಗಳು, 35 ಸಾವಿರ, ‘ಇಂಟರ್‌ನ್ಯಾಷನಲ್ ಡಿಪ್ಲೊಮಾ’ ಕೊಡುತ್ತಾರಂತೆ. ಈ ತಿಂಗಳೊಳಗೆ 15 ಸಾವಿರ ಮುಂಗಡ ಕಟ್ಟಿದರೆ ರಿಯಾಯಿತಿಯೂ ಇದೆ. ಇನ್ನೊಂದು ಬೆಂಗಳೂರಿನಲ್ಲಿ, ಒಂದು ವರ್ಷ, ವಾರಕ್ಕೆ ಐದು ದಿನ ಹೋಗಬೇಕು, 1.40 ಲಕ್ಷ. ದುಡ್ಡು ನನ್ನ ಅಪ್ಪ ನನ್ನ ಹೆಸರಲ್ಲಿ ಇಟ್ಟಿದ್ದ ಎಫ್‌ಡಿಯಿಂದ. ನಮ್ಮ ಮನೆಯವರು ‘ನಿನ್ನಿಷ್ಟ’ ಅನ್ನುತ್ತಾರೆ, ಅದರಲ್ಲಿ ಇಷ್ಟ ಕಾಣಿಸುವುದಿಲ್ಲ. ಅತ್ತೆ ನೇರವಾಗಿಯೇ ಕೇಳಿದರು, ‘ಮೂರು ವರ್ಷದ ಮಕ್ಕಳ ಮೂಗು ಒರೆಸೋಕೆ ಒಂದೂವರೆ ಲಕ್ಷ ಕೊಟ್ಟು ಓದಬೇಕಾ? ಅದೂ ಯಾವುದೋ ಫಾರಿನ್ ಪದ್ಧತಿ!’

ಸರ್ಟಿಫಿಕೇಟಿಗೆ ಸರ್ಕಾರದ ಮಾನ್ಯತೆ ಇದೆಯೇ? ಕೋರ್ಸೆಲ್ಲ ಇಂಗ್ಲಿಷಿನಲ್ಲಿ, ನನಗೆ ಓದಿದರೆ ಅರ್ಥವಾಗುತ್ತದೆ, ಮಾತನಾಡಲು ತಡವರಿಸುತ್ತೇನೆ. ಇನ್ನೊಂದು ಮಾತು ಬರೆಯಲು ನಾಚಿಕೆ. ನನಗೆ ಸಿಟ್ಟು ಬೇಗ ಬರುತ್ತದೆ. ಹೋದ ವಾರ ಹಾಲು ಚೆಲ್ಲಿದನೆಂದು ಮಗನಿಗೆ ಹೊಡೆದೆ. ಇಂಥವಳು ಬೇರೆಯವರ ಮಕ್ಕಳನ್ನು ನೋಡಿಕೊಳ್ಳಬಹುದೇ?

ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಅವಸರದ ವಿಷಯ ಮುಗಿಸಿಬಿಡೋಣ. ಆನ್‌ಲೈನ್ ಕೋರ್ಸಿಗೆ ಮುಂಗಡ ಕಟ್ಟಬೇಡಿ. ರಿಯಾಯಿತಿ ಹೋದರೆ ಹೋಗಲಿ. ‘ಈ ತಿಂಗಳೊಳಗೆ’ ಎಂಬ ಗಡುವು ಸೀರೆ ಅಂಗಡಿಗೆ ಸರಿ.

ಆನ್‌ಲೈನ್ ಕಲಿಕೆಯೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಕೋವಿಡ್ ಬಂದ ಮೇಲೆ ಒಳ್ಳೆಯ ತರಬೇತಿ ಸಂಸ್ಥೆಗಳೂ ಥಿಯರಿಯ ಒಂದಷ್ಟು ಭಾಗವನ್ನು ಪರದೆಯ ಮೇಲೆ ಹೇಳಿಕೊಡುತ್ತಿವೆ. ಆದರೆ ನೀವು ಕಲಿಯಹೊರಟಿರುವ ಪದ್ಧತಿಯ ಮುಕ್ಕಾಲು ಪಾಲು ಇರುವುದು ಕೈಯಲ್ಲಿ. ನೀರು ಸುರಿಯುವ ಕೆಲಸವನ್ನೇ ನೋಡಿ. ಒಂದು ಟ್ರೇ, ಅದರಲ್ಲಿ ಮಗುವಿನ ಮುಷ್ಟಿಗೆ ಒಗ್ಗುವಂಥ ಎರಡು ಪುಟ್ಟ ಜಗ್ಗು, ಒಂದರಲ್ಲಿ ನೀರು, ಪಕ್ಕದಲ್ಲಿ ಚೂರು ಸ್ಪಂಜು. ಸಾಮಾನು ಇಷ್ಟೇ. ಟೀಚರ್ ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತಾನು ಒಮ್ಮೆ ಮಾಡಿ ತೋರಿಸಬೇಕು. ಹಿಡಿಯನ್ನು ಯಾವ ಬೆರಳುಗಳಲ್ಲಿ ಹಿಡಿಯಬೇಕು, ಇನ್ನೊಂದು ಕೈ ಎಲ್ಲಿ ಆಸರೆ ಕೊಡಬೇಕು, ಜಗ್ಗಿನ ಮೂತಿ ಇನ್ನೊಂದರ ಬಾಯಿಯ ನಡುವಿಗೆ ಬಂದ ಮೇಲೆ ಹೇಗೆ ಅರೆಕ್ಷಣ ನಿಲ್ಲಬೇಕು, ಕೊನೆಯ ಹನಿ ಬೀಳುವ ತನಕ ಹೇಗೆ ಕಾಯಬೇಕು, ಎಲ್ಲವೂ ಆ ಒಂದು ನಿಮಿಷದಲ್ಲಿ ಮಗುವಿಗೆ ಕಾಣಬೇಕು. ಕೈ ಆಡುವಾಗ ಬಾಯಿ ಆಡಬಾರದು. ಮೂರು ವರ್ಷದ ಮಗು ನಿಮ್ಮ ಕೈಯನ್ನಾದರೂ ನೋಡೀತು, ಇಲ್ಲವೇ ನಿಮ್ಮ ಮಾತನ್ನಾದರೂ ಕೇಳೀತು. ಎರಡನ್ನೂ ಒಟ್ಟಿಗೆ ಮಾಡುವುದು ಅದಕ್ಕೆ ಕಷ್ಟ. ಆಮೇಲೆ ಟ್ರೇ ಮಗುವಿನದು. ನೀರು ಚೆಲ್ಲಿದರೆ ಸ್ಪಂಜು ಅಲ್ಲೇ ಇದೆ, ಒರೆಸುವುದೂ ಆ ಕೆಲಸದ್ದೇ ಒಂದು ಭಾಗ.

ಇದನ್ನು ವಿಡಿಯೊದಲ್ಲಿ ನೋಡಿ ‘ಓ, ಇಷ್ಟೇನಾ’ ಅನ್ನಬಹುದು. ನಿಮ್ಮ ಕೈಯಿಂದ ಮಾಡಿ ತೋರಿಸಿ ನೋಡಿ. ಮೊದಲ ಸಲ ನಾವೆಲ್ಲ ಅಡುಗೆಮನೆಯ ವೇಗದಲ್ಲೇ ಸುರಿಯುತ್ತೇವೆ, ಜೊತೆಗೆ ‘ನೋಡು ಪುಟ್ಟಾ, ಹೀಗೆ ಹಿಡ್ಕೋಬೇಕು, ಚೆಲ್ಲಬಾರದು ಆಯ್ತಾ’ ಎಂದು ಮಾತೂ ಹರಿಯುತ್ತದೆ. ಆ ವೇಗ, ಆ ಮಾತು ಎರಡನ್ನೂ ತೆಗೆಯಲು ತಿಂಗಳುಗಳು ಬೇಕು. ಪಕ್ಕದಲ್ಲಿ ನಿಂತು ‘ಇನ್ನೊಮ್ಮೆ’ ಅನ್ನುವ ಅನುಭವಿ ಟ್ರೇನರ್ ಬೇಕು. ಹೀಗೆ ಕಲಿಯಬೇಕಾದ ಸಾಮಗ್ರಿ ನೂರಾರು. ಗುಲಾಬಿ ಬಣ್ಣದ ಹತ್ತು ಘನಗಳ ಗೋಪುರವನ್ನು ನಿಮ್ಮ ಮಗನ ಶಾಲೆಯಲ್ಲಿ ನೋಡಿರುತ್ತೀರಿ. ಅತಿ ಚಿಕ್ಕದು ಒಂದು ಸೆಂಟಿಮೀಟರ್, ಅತಿ ದೊಡ್ಡದು ಹತ್ತು. ಹತ್ತನ್ನೂ ಬುಟ್ಟಿಗೆ ತುಂಬಿ ತಂದರೆ ಆಗದು, ಒಂದೊಂದಾಗಿ ಎತ್ತಿ ಚಾಪೆಗೆ ತರಬೇಕು. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಣ್ಣಿಗೂ ಕೈಗೂ ತಿಳಿಯಲಿ ಎಂದು ಅದನ್ನು ಹಾಗೆ ಮಾಡಿದ್ದಾರೆ. ಕೆಂಪು ಕೋಲುಗಳು, ಬಣ್ಣದ ಫಲಕಗಳು, ಗುಂಡಿ ಹಾಕಲು ಕಲಿಸುವ ಚೌಕಟ್ಟು, ಒಂದು–ಹತ್ತು–ನೂರು–ಸಾವಿರವನ್ನು ಕೈಯಲ್ಲಿ ಹಿಡಿಯಲು ಬರುವಂತೆ ಮಾಡಿದ ಚಿನ್ನದ ಬಣ್ಣದ ಮಣಿಗಳು, ಪ್ರತಿಯೊಂದಕ್ಕೂ ಅದರದೇ ಕ್ರಮವಿದೆ. ಸಾವಿರ ಮಣಿಯ ಘನವನ್ನು ಒಂದು ಕೈಯಲ್ಲಿ, ಬಿಡಿ ಮಣಿಯನ್ನು ಇನ್ನೊಂದು ಕೈಯಲ್ಲಿ ಹಿಡಿದ ಮಗುವಿಗೆ ಬಿಡಿ, ಹತ್ತು, ನೂರರ ಸ್ಥಾನವನ್ನು ಬೇರೆ ವಿವರಿಸಬೇಕಾಗಿಲ್ಲ.

ಒಳ್ಳೆಯ ತರಬೇತಿಯಲ್ಲಿ ನೀವು ಪ್ರತಿ ಪ್ರಾತ್ಯಕ್ಷಿಕೆಯನ್ನೂ ನೋಡಿ, ಮಾಡಿ, ಸಂಜೆ ಕೂತು ನಿಮ್ಮ ಮಾತಿನಲ್ಲಿ ಬರೆದಿಡಬೇಕು. ಚಿತ್ರವನ್ನೂ ಹಾಕಬೇಕು. ಇದಕ್ಕೆ ಆಲ್ಬಮ್ ಅನ್ನುತ್ತಾರೆ. ನಿತ್ಯಜೀವನದ ಕೆಲಸಗಳಿಗೊಂದು, ಇಂದ್ರಿಯಗಳಿಗೊಂದು, ಭಾಷೆಗೊಂದು, ಗಣಿತಕ್ಕೊಂದು. ವರ್ಷದ ಕೊನೆಗೆ ಎರಡು ಕೈಯಲ್ಲಿ ಎತ್ತಬೇಕಾದಷ್ಟು ದಪ್ಪ ಆಗುತ್ತವೆ. ಕೆಲಸ ಹಿಡಿದ ಮೇಲೆ ನಿಮ್ಮ ಬೆನ್ನಿಗಿರುವುದು ಈ ಆಲ್ಬಮ್‌ಗಳು, ಗೋಡೆಗೆ ನೇತುಹಾಕುವ ಡಿಪ್ಲೊಮಾ ಅಲ್ಲ. ಮೂರು ತಿಂಗಳ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಇದನ್ನು ಸಿದ್ಧ ಪಿಡಿಎಫ್ ಆಗಿ ಕಳಿಸುತ್ತಾರೆ. ಬೇರೆಯವರು ಬರೆದ ಆಲ್ಬಮ್ ಬೇರೆಯವರ ಕನ್ನಡಕ ಇದ್ದ ಹಾಗೆ.

ಇನ್ನು ಮಾನ್ಯತೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಹೆಸರಿನ ಸುತ್ತ ಗೊಂದಲವೂ ಇದೆ, ವ್ಯಾಪಾರವೂ ಇದೆ. ‘ಮಾಂಟೆಸ್ಸರಿ’ ಎಂಬ ಹೆಸರು ಯಾರ ಸ್ವತ್ತೂ ಅಲ್ಲ. ಅಮೆರಿಕದಲ್ಲಿ ಇದರ ಮೇಲೆ ಜಗಳವಾಗಿ, ಇದು ಯಾರೊಬ್ಬರ ಟ್ರೇಡ್‌ಮಾರ್ಕ್ ಆಗಲಾರದು ಎಂದು 1967ರಲ್ಲೇ ತೀರ್ಮಾನವಾಯಿತು. ನಮ್ಮಲ್ಲೂ ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಅಕ್ಷರ ತಿದ್ದಿಸಿ ತಿದ್ದಿಸಿ ಹೋಂವರ್ಕ್ ಕೊಡುವ ಎಲ್‌ಕೆಜಿಗೂ ಅದೇ ಬೋರ್ಡ್. 2024ರಲ್ಲಿ ರಾಜ್ಯ ಸರ್ಕಾರ ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದು ಅದಕ್ಕೂ ‘ಸರ್ಕಾರಿ ಮಾಂಟೆಸ್ಸರಿ’ ಎಂದೇ ಹೆಸರಿಟ್ಟಿತು. ಆದ್ದರಿಂದ ಹೆಸರು ನೋಡಿ ಏನನ್ನೂ ತೀರ್ಮಾನಿಸಬೇಡಿ.

ಈ ಪದ್ಧತಿಯ ಡಿಪ್ಲೊಮಾಗಳಲ್ಲಿ ಹಳೆಯ ಮನೆತನದ್ದು ಎಎಂಐ, ಅಂದರೆ ಅಸೋಸಿಯೇಷನ್ ಮಾಂಟೆಸ್ಸರಿ ಇಂಟರ್‌ನ್ಯಾಷನಲ್. ಅದನ್ನು 1929ರಲ್ಲಿ, ಈ ಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸ್ಸರಿಯವರೇ ಕಟ್ಟಿದರು, ಈಗ ಕೇಂದ್ರ ಕಚೇರಿ ಆಮ್‌ಸ್ಟರ್‌ಡ್ಯಾಮಿನಲ್ಲಿದೆ. ಅವರ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರುತ್ತಾರೆ. ಲಿಖಿತ ಪರೀಕ್ಷೆಯ ಜೊತೆಗೆ, ಸಾಮಗ್ರಿಯನ್ನು ಎದುರಿಗೇ ಮಾಡಿ ತೋರಿಸಿ, ಯಾಕೆ ಹೀಗೆ ಎಂದು ಕೇಳಿದರೆ ಉತ್ತರಿಸಬೇಕು. ವಿದೇಶದ ಮಾಂಟೆಸ್ಸರಿ ಶಾಲೆಗಳಲ್ಲೂ ಈ ಡಿಪ್ಲೊಮಾಕ್ಕೆ ಬೆಲೆಯಿದೆ, ಆದರೆ ಆಯಾ ದೇಶದ ಸರ್ಕಾರ ಕೇಳುವ ಲೈಸೆನ್ಸ್ ಬೇರೆಯೇ. ಇನ್ನೊಂದು ನಮ್ಮ ಮಣ್ಣಿನಲ್ಲೇ ಬೆಳೆದ ಕವಲು. ಮಾಂಟೆಸ್ಸರಿಯವರು ಭಾರತದ ತರಬೇತಿಯ ಹೊಣೆಯನ್ನು ತಮ್ಮ ಶಿಷ್ಯ ಆಲ್ಬರ್ಟ್ ಮ್ಯಾಕ್ಸ್ ಯೋಸ್ಟೆನ್ ಅವರಿಗೆ ವಹಿಸಿದ್ದರು. ಆ ಪರಂಪರೆ ಬೆಂಗಳೂರಿನಲ್ಲಿ ಇಂಡಿಯನ್ ಮಾಂಟೆಸ್ಸರಿ ಸೆಂಟರ್‌ನಂಥ ಸಂಸ್ಥೆಗಳಾಗಿ ಮುಂದುವರಿದಿದೆ, ಕರ್ನಾಟಕದ ಅನೇಕ ಹಿರಿಯ ಟೀಚರುಗಳು ಅದರಲ್ಲೇ ಕಲಿತವರು. ಈ ಎರಡರ ಹೊರತಾಗಿಯೂ ಎಷ್ಟೋ ಖಾಸಗಿ ಸಂಸ್ಥೆಗಳಿವೆ, ಕೆಲವು ಚೆನ್ನಾಗಿವೆ, ಕೆಲವಕ್ಕೆ ಲೆಟರ್‌ಹೆಡ್ ಮಾತ್ರ ಚೆನ್ನಾಗಿದೆ.

ಸರ್ಕಾರದ ವಿಷಯಕ್ಕೆ ಬಂದರೆ, ಈ ಡಿಪ್ಲೊಮಾ ತೆಗೆದುಕೊಂಡು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ ಆಗಲು ಬರುವುದಿಲ್ಲ. ಅದಕ್ಕೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ ಒಪ್ಪಿದ ಡಿ.ಇಎಲ್.ಇಡಿಯಂಥ ಕೋರ್ಸು, ಅದರ ಮೇಲೆ ಟಿಇಟಿ ಬೇಕು. ಅಂಗನವಾಡಿ ಕಾರ್ಯಕರ್ತೆಯ ನೇಮಕಕ್ಕೂ ಇಲಾಖೆಯದೇ ನಿಯಮ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತ ಎಂದು ಒಪ್ಪಿಕೊಂಡಿದೆ, ಆಟ ಮತ್ತು ಕೈಕೆಲಸದ ಮೂಲಕ ಕಲಿಸಬೇಕು ಅನ್ನುತ್ತದೆ. ಇದರಿಂದ ಮುಂದೆ ಈ ವಯಸ್ಸಿನ ಟೀಚರುಗಳಿಗೆ ಬೇಡಿಕೆ ಹೆಚ್ಚಬಹುದು. ಹೆಚ್ಚಬಹುದು ಎಂಬ ಮಾತನ್ನು ನಂಬಿ ಅಪ್ಪ ಇಟ್ಟ ಎಫ್‌ಡಿ ಮುರಿಯಬೇಡಿ. ಸರ್ಕಾರಿ ನೌಕರಿಯೇ ಗುರಿಯಾದರೆ ಈ ದಾರಿ ನಿಮ್ಮದಲ್ಲ. ನಿಮ್ಮ ಪತ್ರದಲ್ಲಿ ಆ ಗುರಿ ಕಾಣಲಿಲ್ಲ.

ಕ್ಯಾಶಿಯರ್ ಆಗಿದ್ದವರಿಗೆ ಲೆಕ್ಕ ನಾನು ಹೇಳಬೇಕಾಗಿಲ್ಲ, ಆದರೂ ಒಮ್ಮೆ ಒಟ್ಟಿಗೆ ನೋಡೋಣ. ಟ್ರೇನಿಂಗ್ ಆದವರಿಗೂ ಆಗದವರಿಗೂ ಇರುವ ಅಂತರ ತಿಂಗಳಿಗೆ 5 ಸಾವಿರ, ವರ್ಷಕ್ಕೆ 60 ಸಾವಿರ. 1.40 ಲಕ್ಷ ವಾಪಸು ಬರಲು ಎರಡು ವರ್ಷ ನಾಲ್ಕು ತಿಂಗಳು. ಅದರ ಮೇಲೆ ರೈಲಿನ ಸೀಸನ್ ಪಾಸು, ಯಶವಂತಪುರದಲ್ಲಿ ಇಳಿದರೆ ಮೆಟ್ರೊ, ಆಲ್ಬಮ್‌ಗೆ ಕಾಗದ, ಬಣ್ಣ, ನೀವೇ ತಯಾರಿಸಬೇಕಾದ ಸಾಮಗ್ರಿಯ ಖರ್ಚು. ಕಲಿಯುವ ವರ್ಷ ದುಡಿಮೆಯೂ ಇರುವುದಿಲ್ಲ. ಅಂದರೆ ಮೂರು ವರ್ಷ ಕೆಲಸ ಮಾಡಿದರೂ ಕೈಗೆ ಬರುವುದು ಹಾಕಿದ್ದಷ್ಟೇ ಆದೀತು. ಈ ಕೆಲಸದಲ್ಲಿ ಸಂಬಳ ಕಡಿಮೆ, ಅದನ್ನು ‘ಸೇವೆ’ ಎಂದು ಚಂದ ಮಾಡಿ ಹೇಳುವುದು ನನಗೆ ಇಷ್ಟವಿಲ್ಲ. ಬೆಂಗಳೂರಿನ ದೊಡ್ಡ ಶಾಲೆಗಳಲ್ಲಿ ಇದಕ್ಕಿಂತ ಹೆಚ್ಚು ಕೊಡುತ್ತಾರೆ, ಆದರೆ ನಿಮ್ಮ ದಿನದ ನಾಲ್ಕು ಗಂಟೆಯನ್ನು ರೈಲು ತಿನ್ನುತ್ತದೆ. ತಿಂಗಳ ಕೊನೆಗೆ ಈ ದುಡ್ಡನ್ನೇ ನಂಬಿಕೊಂಡು ಮನೆ ನಡೆಯಬೇಕಿದ್ದರೆ ನಾನು ಬೇಡ ಅನ್ನುತ್ತಿದ್ದೆ. ನಿಮ್ಮ ಸ್ಥಿತಿ ಹಾಗಿಲ್ಲ ಎಂದು ಪತ್ರದಿಂದ ಅನ್ನಿಸಿತು.

ಅತ್ತೆಯವರ ‘ಫಾರಿನ್ ಪದ್ಧತಿ’ಗೆ ಉತ್ತರ ಸುಲಭ. ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ 1907ರ ಜನವರಿ 6ರಂದು ಈ ಪದ್ಧತಿಯ ಮೊದಲ ಮಕ್ಕಳ ಮನೆ ತೆರೆಯಿತು. ಅಪ್ಪ–ಅಮ್ಮ ಕೂಲಿಗೆ ಹೋದಾಗ ಮೆಟ್ಟಿಲ ಮೇಲೆ ಅಲೆದಾಡುತ್ತಿದ್ದ ಐವತ್ತರಷ್ಟು ಮಕ್ಕಳು ಅಲ್ಲಿ ಸೇರಿದರು. ಅದನ್ನು ನಡೆಸಿದವರು ಡಾಕ್ಟರಿಕೆ ಓದಿದ ಹೆಂಗಸು, ಮರಿಯಾ ಮಾಂಟೆಸ್ಸರಿ. ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಮೊದಲ ಕೋರ್ಸ್ ನಡೆಸಿದಾಗ ಸುಮಾರು 300 ಮಂದಿ ಕಲಿಯಲು ಸೇರಿದ್ದರು. ಕೆಲವು ತಿಂಗಳಿಗೆಂದು ಬಂದವರನ್ನು ಎರಡನೇ ಮಹಾಯುದ್ಧ ಇಲ್ಲೇ ಉಳಿಸಿತು. ಇಟಲಿಯವರು ಎಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರ ಮಗ ಮಾರಿಯೊನನ್ನು ಬಂಧನದಲ್ಲಿಟ್ಟಿತ್ತು, ತಾಯಿಯ 70ನೇ ಹುಟ್ಟುಹಬ್ಬಕ್ಕೆ ಬಿಟ್ಟಿತು. ಆಮೇಲೆ ಕೊಡೈಕೆನಾಲ್, ಅಹಮದಾಬಾದ್ ಎಂದು ತಿರುಗುತ್ತ, ನಡುವೆ ಒಮ್ಮೆ ಯುರೋಪಿಗೆ ಹೋಗಿ ಬಂದು, 1949ರವರೆಗೂ ಈ ದೇಶದ ಟೀಚರುಗಳನ್ನು ತಯಾರು ಮಾಡಿದರು. ಅವರ ತುಂಬ ಹೆಸರಾದ ಪುಸ್ತಕ ‘ದಿ ಅಬ್ಸಾರ್ಬೆಂಟ್ ಮೈಂಡ್’ ಇಲ್ಲಿ ಮಾಡಿದ ಉಪನ್ಯಾಸಗಳಿಂದಲೇ ಹುಟ್ಟಿ, ಮೊದಲು ಅಚ್ಚಾದದ್ದೂ ಅಡ್ಯಾರಿನಲ್ಲೇ. ಅವರು ಬರುವ ಎಷ್ಟೋ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ವಕೀಲಿ ಬಿಟ್ಟು ಈ ದಾರಿಯ ಬಾಲಮಂದಿರ ಕಟ್ಟಿದ್ದರು. ಇಷ್ಟು ವರ್ಷ ಇಲ್ಲಿದ್ದ ಪದ್ಧತಿಯನ್ನು ಫಾರಿನ್ ಅನ್ನುವುದಾದರೆ ನಮ್ಮ ಮೆಣಸಿನಕಾಯಿಯನ್ನೂ ಅನ್ನಬೇಕು.

ಆದರೆ ಅತ್ತೆಯವರ ಮೊದಲ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ತಳ್ಳಿಹಾಕಬೇಡಿ. ಮೂಗು ಒರೆಸುವುದೂ ಈ ಕೆಲಸವೇ. ತರಬೇತಿಯಲ್ಲಿ ಅದಕ್ಕೂ ಪಾಠವಿದೆ: ಕನ್ನಡಿಯ ಮುಂದೆ ಮಗುವೇ ನೋಡಿಕೊಂಡು ತನ್ನ ಮೂಗು ಒರೆಸಿಕೊಳ್ಳುವುದನ್ನು ಹೇಗೆ ತೋರಿಸುವುದು ಎಂದು. ಅತ್ತೆಯವರಿಗೆ ಇದನ್ನೇ ಹೇಳಿ, ನಕ್ಕಾರು. ಆಮೇಲೆ ವಾದಕ್ಕಿಳಿಯದೆ ನೇರವಾಗಿ ಸಹಾಯ ಕೇಳಿ: ‘ಅತ್ತೆ, ಒಂದು ವರ್ಷ ಬೆಳಿಗ್ಗೆ ಆರರಿಂದ ಸಂಜೆಯವರೆಗೆ ನಾನು ಇರುವುದಿಲ್ಲ. ಮಧ್ಯಾಹ್ನ ಮಗುವನ್ನು ಕರೆದುಕೊಂಡು ಬರುವುದು ನಿಮ್ಮ ಕೈಲಾಗುತ್ತದೆಯೇ?’ ನಮ್ಮ ಮನೆಗಳಲ್ಲಿ ಅಭಿಪ್ರಾಯ ಕೇಳಿದರೆ ಬೇಡ ಬರುತ್ತದೆ, ಕೆಲಸ ಕೇಳಿದರೆ ಎಷ್ಟೋ ಸಲ ಆಗಲಿ ಬರುತ್ತದೆ. ನಿಮ್ಮ ಯಜಮಾನರಿಗೂ ಹಾಗೆಯೇ. ‘ನಿನ್ನಿಷ್ಟ’ ಎಂದವರಿಗೆ ಯಾವ ದಿನ ಮಗಳ ಟ್ಯೂಷನ್, ಯಾವ ದಿನ ತರಕಾರಿ ಎಂದು ಬರೆದ ಚೀಟಿ ಕೊಡಿ. ಅದನ್ನು ನೋಡಿದ ಮೇಲೆ ಅವರ ಇಷ್ಟ ಏನೆಂದು ನಿಮಗೇ ಗೊತ್ತಾಗುತ್ತದೆ.

ಇಂಗ್ಲಿಷಿನ ಬಗ್ಗೆ ನೀವು ಹೆದರಬೇಕಾದದ್ದಕ್ಕಿಂತ ಹೆಚ್ಚು ಹೆದರಿದ್ದೀರಿ. ಆಲ್ಬಮ್ ಬರೆಯಲು ಬೇಕಾದದ್ದು ಅಡುಗೆ ಬರೆಯುವಂಥ ಸರಳ ಇಂಗ್ಲಿಷು. ಎತ್ತು, ಇಡು, ಕಾಯು, ಬಿಡು. ಎರಡು ತಿಂಗಳಲ್ಲಿ ಕೈ ಪಳಗುತ್ತದೆ. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಕನ್ನಡ ಎಂ.ಎ. ಈ ಪದ್ಧತಿಯಲ್ಲಿ ಮಗು ಓದುವ ಮೊದಲೇ ಬರೆಯುತ್ತದೆ. ಉಪ್ಪುಕಾಗದದ ಅಕ್ಷರವನ್ನು ಎರಡು ಬೆರಳಲ್ಲಿ ಸವರುತ್ತ ಅದರ ದನಿ ಹೇಳುತ್ತದೆ, ಆಮೇಲೆ ಬಿಡಿ ಅಕ್ಷರಗಳನ್ನು ಚಾಪೆಯ ಮೇಲೆ ಜೋಡಿಸಿ ತನ್ನ ಮನಸ್ಸಿನಲ್ಲಿರುವ ಪದವನ್ನು ತಾನೇ ಕಟ್ಟುತ್ತದೆ. ಇಟಾಲಿಯನ್ ಭಾಷೆಗೆ ಇದು ಸಲೀಸು, ನುಡಿದ ಹಾಗೆಯೇ ಬರೆಯುವ ಭಾಷೆ ಅದು. ಕನ್ನಡವೂ ಹಾಗೆಯೇ. ಆದರೆ ನಮ್ಮಲ್ಲಿ ಗುಣಿತವಿದೆ, ಒತ್ತಕ್ಷರವಿದೆ. ಪಾಠಪುಸ್ತಕ ‘ಅರಸ’, ‘ಸರ’, ‘ಮರ’ ಎಂದು ಶುರು ಮಾಡಿ ಒತ್ತಕ್ಷರವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ನಾಲ್ಕು ವರ್ಷದ ಮಗುವಿಗೆ ತಾನೇ ಬರೆಯುವ ಅವಕಾಶ ಕೊಟ್ಟು ನೋಡಿ, ಅದಕ್ಕೆ ಮೊದಲು ಬೇಕಾಗುವುದು ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅಣ್ಣ, ತಮ್ಮ. ಒಂದೊಂದರಲ್ಲೂ ಒತ್ತಕ್ಷರ! ಮನೆಯಲ್ಲಿರುವವರ ಹೆಸರನ್ನೇ ಬರೆಯಲಾಗದ ಅಕ್ಷರಮಾಲೆಯನ್ನು ಮಗುವಿನ ಕೈಗೆ ಕೊಟ್ಟು ಏನು ಪ್ರಯೋಜನ? ಅದಕ್ಕೊಂದು ಮರದ ಪೆಟ್ಟಿಗೆ, ಗುಣಿತಕ್ಕೊಂದು ಖಾನೆ, ಒತ್ತಿಗೊಂದು ಖಾನೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ, ಇದನ್ನೆಲ್ಲ ಕೂತು ಯೋಚಿಸಬಲ್ಲವರು ಬೇಕು. ಕನ್ನಡ ಚೆನ್ನಾಗಿ ಬಲ್ಲ, ಸಣ್ಣ ಮಕ್ಕಳ ಕೈಯನ್ನೂ ಬಲ್ಲ ಟೀಚರುಗಳು ಹೆಚ್ಚಿಲ್ಲ. ನೀವು ಸೇರುವ ಸಂಸ್ಥೆಯವರನ್ನು ಮೊದಲ ದಿನವೇ ಕೇಳಿ, ಕನ್ನಡದ ಭಾಷಾ ಸಾಮಗ್ರಿಯನ್ನು ಹೇಳಿಕೊಡುತ್ತೀರಾ, ಗುಣಿತ, ಒತ್ತಕ್ಷರಗಳನ್ನು ಹೇಗೆ ಕೊಡುತ್ತೀರಿ ಎಂದು. ಉತ್ತರ ಕೇಳುತ್ತಿದ್ದಂತೆ ಆ ಸಂಸ್ಥೆಯ ಆಳ ನಿಮಗೆ ತಿಳಿಯುತ್ತದೆ.

ಬೇರೆ ಪ್ರಶ್ನೆಗಳನ್ನೂ ಕೇಳಬೇಕು. ಒಬ್ಬ ಟ್ರೇನರ್‌ಗೆ ಎಷ್ಟು ಜನ ಕಲಿಯುವವರು? ಪೂರ್ತಿ ಸಾಮಗ್ರಿ ಅಲ್ಲೇ ಇದೆಯೇ, ಮಧ್ಯಾಹ್ನ ನಾವೇ ಎತ್ತಿಕೊಂಡು ಅಭ್ಯಾಸ ಮಾಡಬಹುದೇ? ನಿಜವಾದ ಮಕ್ಕಳ ಮನೆಯಲ್ಲಿ ಕೂತು ಗಮನಿಸುವುದು ಎಷ್ಟು ದಿನ, ಪಾಠ ಮಾಡುವ ಅಭ್ಯಾಸ ಎಷ್ಟು ವಾರ? ಹೋದ ವರ್ಷ ಮುಗಿಸಿದ ಇಬ್ಬರ ಜೊತೆ ಮಾತನಾಡಿಸುತ್ತೀರಾ? ಕೊನೆಯದಕ್ಕೆ ತಡವರಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಈಗ ನೀವು ನಾಚುತ್ತ ಬರೆದ ಮಾತು. ಬರೆದದ್ದು ಒಳ್ಳೆಯದೇ ಆಯಿತು. ಹೊಡೆದದ್ದು ಸರಿಯಲ್ಲ, ಅದು ನಿಮಗೇ ಗೊತ್ತು, ನಾನು ಎಳೆದಾಡುವುದಿಲ್ಲ. ಆದರೆ ಇದಕ್ಕಾಗಿ ನೀವು ಅನರ್ಹರು ಎಂದು ನಾನು ಹೇಳಲಾರೆ. ಟೀಚರ್ ಆಗುವವರು ತಮ್ಮೊಳಗೆ ನೋಡಿಕೊಳ್ಳಬೇಕಾದ ದೋಷಗಳು ಎಂದು ಮಾಂಟೆಸ್ಸರಿಯವರೇ ಎರಡನ್ನು ಬೆರಳಿಟ್ಟು ತೋರಿಸಿದ್ದಾರೆ, ಸಿಟ್ಟು ಮತ್ತು ಗರ್ವ. ದೊಡ್ಡವರ ಮುಂದೆ ಅಡಗಿಸಿಟ್ಟುಕೊಳ್ಳುವ ಸಿಟ್ಟನ್ನು ಮಗುವಿನ ಮುಂದೆ ಬಿಚ್ಚುತ್ತೇವೆ, ಮಗು ತಿರುಗಿ ಬೀಳಲಾರದು ಎಂಬ ಧೈರ್ಯದಿಂದ. ಇದು ಎಲ್ಲರಲ್ಲೂ ಇರುವುದೇ. ತನಗೆ ಸಿಟ್ಟೇ ಬರುವುದಿಲ್ಲ, ಮಕ್ಕಳೆಂದರೆ ಪ್ರಾಣ ಎಂದು ಹೇಳಿಕೊಂಡು ಬರುವವರ ಬಗ್ಗೆ ನನಗೆ ಹೆಚ್ಚು ಅನುಮಾನ.

ತರಬೇತಿಯಲ್ಲಿ ಇದಕ್ಕೆ ಪ್ರವಚನ ಇಲ್ಲ, ಒಂದು ಕುರ್ಚಿ ಇದೆ. ಮಕ್ಕಳ ಮನೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ನೋಟ್‌ಬುಕ್ ಹಿಡಿದು, ಬೆಳಗಿನ ಹೊತ್ತು ಎರಡೂವರೆ–ಮೂರು ಗಂಟೆ ಕಾಲ ಬರೀ ನೋಡಬೇಕು. ಮಗು ನಿಮ್ಮನ್ನು ಮಾತನಾಡಿಸಿದರೂ ‘ನಾನು ನನ್ನ ಕೆಲಸ ಮಾಡುತ್ತಿದ್ದೇನೆ’ ಎಂದು ಮೆಲ್ಲಗೆ ಹೇಳಿ ಮತ್ತೆ ನೋಡಬೇಕು. ಒಂದು ಮಗು ಗುಂಡಿ ಹಾಕಲು ಹೆಣಗುತ್ತಿದೆ, ನಿಮ್ಮ ಕೈ ಮುಂದೆ ಹೋಗುತ್ತದೆ, ತಡೆದುಕೊಳ್ಳಬೇಕು. ಒಂದು ಮಗು ನೀರು ಚೆಲ್ಲಿತು, ನಿಮ್ಮ ಬಾಯಿಗೆ ‘ಅಯ್ಯೋ’ ಬಂತು, ನುಂಗಿಕೊಳ್ಳಬೇಕು. ಆಮೇಲೆ ನೋಡಿದರೆ ಆ ಮಗುವೇ ಸ್ಪಂಜು ತೆಗೆದುಕೊಂಡು, ಒರೆಸಿ, ಹಿಂಡಿ, ಎರಡನೇ ಸಲ ಇನ್ನೂ ನಿಧಾನವಾಗಿ ಸುರಿಯುತ್ತಿರುತ್ತದೆ. ದಿನವೂ ಹೀಗೆ ನೋಡಿದವರಿಗೆ ಹಾಲು ಚೆಲ್ಲಿದಾಗ ಕೈ ಎತ್ತುವ ಮೊದಲು ಒಂದು ಕ್ಷಣದ ಬಿಡುವು ಸಿಗುತ್ತದೆ. ನಿಮಗೆ ಬೇಕಾದದ್ದು ಆ ಒಂದು ಕ್ಷಣ. ಅದೂ ಸಾಲದು ಅನ್ನಿಸಿದರೆ, ಸಿಟ್ಟು ಮಕ್ಕಳ ಮೇಲೆ ಮತ್ತೆ ಮತ್ತೆ ಕೈಗೆ ಬರುತ್ತಿದ್ದರೆ, ಯಾವ ಕೋರ್ಸಿಗೂ ಸೇರುವ ಮೊದಲು ನಿಮ್ಮೂರಿನಲ್ಲೇ ಒಬ್ಬ ಆಪ್ತಸಲಹೆಗಾರರನ್ನು ಮುಖಾಮುಖಿ ಕಂಡು ಮಾತನಾಡಿ. ಪತ್ರದಲ್ಲಿ ನಾನು ಹೇಳಬಹುದಾದದ್ದು ಇಷ್ಟೇ.

ಹಾಗಾದರೆ ಮಾಡಬೇಕಾದದ್ದೇನು? ಮಗನ ಶಾಲೆಯ ಹೆಡ್ ಮೇಡಂ ಹತ್ತಿರ ಹೋಗಿ, ನಿಮ್ಮ ಮಗ ಇಲ್ಲದ ಕೋಣೆಯಲ್ಲಿ ಐದಾರು ಬೆಳಿಗ್ಗೆ ಆ ಮೂಲೆಯ ಕುರ್ಚಿಯಲ್ಲಿ ಕೂರಲು ಅನುಮತಿ ಕೇಳಿ. ಮೂರನೇ ದಿನಕ್ಕೆ ಬೇಸರ ಬಂದು ಮೊಬೈಲ್ ತೆಗೆಯುವಂತಾದರೆ ಈ ಕೆಲಸ ನಿಮ್ಮದಲ್ಲ, ಎಫ್‌ಡಿ ಹಾಗೇ ಇರಲಿ. ಮನೆಗೆ ಬಂದ ಮೇಲೂ ಯಾವುದೋ ಮಗು ಏನು ಮಾಡಿತು ಎಂಬುದೇ ತಲೆಯಲ್ಲಿ ಸುತ್ತುತ್ತಿದ್ದರೆ ಬೆಂಗಳೂರಿನ ಒಂದು ವರ್ಷದ ಕೋರ್ಸಿಗೆ ಸೇರಿ. ಕಂತಿನಲ್ಲಿ ಕಟ್ಟಲು ಬಿಡುತ್ತಾರೆಯೇ ಕೇಳಿ. ಶುಲ್ಕದ ಒಂದು ಪಾಲನ್ನು ತಾವು ಕೊಟ್ಟು, ಮುಗಿದ ಮೇಲೆ ಇಷ್ಟು ವರ್ಷ ನಮ್ಮಲ್ಲೇ ಕೆಲಸ ಮಾಡಬೇಕು ಎಂದು ಒಪ್ಪಂದ ಮಾಡಿಕೊಳ್ಳುವ ಶಾಲೆಗಳೂ ಇವೆ. ನಿಮ್ಮ ಹೆಡ್ ಮೇಡಂಗೆ ಇದನ್ನೂ ಕೇಳಿ ನೋಡಿ, ಆದರೆ ಎರಡು ವರ್ಷಕ್ಕಿಂತ ಹೆಚ್ಚಿನ ಬಾಂಡಿಗೆ ಸಹಿ ಹಾಕಬೇಡಿ, ಮೂಲ ಸರ್ಟಿಫಿಕೇಟ್‌ಗಳನ್ನು ಯಾರ ಕೈಗೂ ಕೊಡಬೇಡಿ. ಮೂವತ್ತಾರು ಎಂಬುದು ತಡವೇನಲ್ಲ, ಈ ತರಗತಿಗಳಲ್ಲಿ ಕೂತವರಲ್ಲಿ ಅನೇಕರು ಅಮ್ಮಂದಿರೇ ಇರುತ್ತಾರೆ. ಮುಂದೆ ಕೆಲಸ ಹಿಡಿದಾಗ ನಿಮ್ಮ ಮಗ ನಿಮ್ಮ ಕೋಣೆಯಲ್ಲಿ ಬೇಡ, ಪಕ್ಕದ ಕೋಣೆಯಲ್ಲಿರಲಿ, ಇಬ್ಬರಿಗೂ ಒಳ್ಳೆಯದು.

ಈ ಪುಟವನ್ನು ಓದುವ ಮಾಂಟೆಸ್ಸರಿ ಶಾಲೆಯವರಿಗೂ ಒಂದು ಮಾತು. ಇಂಥ ಹೆಣ್ಣುಮಕ್ಕಳು ಬಂದು ‘ಸುಮ್ಮನೆ ಕೂತು ನೋಡುತ್ತೇನೆ’ ಎಂದು ಕೇಳಿದಾಗ ಇಲ್ಲ ಅನ್ನಬೇಡಿ, ಒಂದು ಕುರ್ಚಿ ಹಾಕಿಕೊಡಿ. ಒಂದು ವರ್ಷ ರೈಲಿನಲ್ಲಿ ಓಡಾಡಿ ಕಲಿತು ಬಂದವರಿಗೆ 15 ಸಾವಿರಕ್ಕಿಂತ ಹೆಚ್ಚು ಕೊಡಿ.